ಶ್ವಾಸಕೋಶದಲ್ಲಿ ಬೂಷ್ಟು

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನಿಂದ)

ಮಳೆಗಾಲದಲ್ಲಿ ಮರೆತಿಟ್ಟ ರೊಟ್ಟಿಯ ಮೇಲೆ, ಮೂಲೆಯಲ್ಲಿ ಬಿಟ್ಟ ಚರ್ಮದ ಚಪ್ಪಲಿಯ ಮೇಲೆ, ನೆನೆದ ರಾಗಿ ಹುಲ್ಲಿನ ಬಣವೆಯ ಒಡಲಲ್ಲಿ ಬೂಷ್ಟು ಹಿಡಿಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ಕಂಡು ಮೂಗು ಮುಚ್ಚಿಕೊಂಡು ಅದನ್ನು ತಿಪ್ಪೆಗೆ ಎಸೆದಿದ್ದೇವೆ. ಆದರೆ ಅದೇ ಬೂಷ್ಟು ಬದುಕಿರುವ ಮನುಷ್ಯನ ಎದೆಯೊಳಗೆ ಬೆಳೆದು, ಉಂಡೆಕಟ್ಟಿ, ವರ್ಷಗಟ್ಟಲೆ ಕುಳಿತಿರಬಲ್ಲುದೆಂದು ಹೇಳಿದರೆ ನಂಬುವವರು ಎಷ್ಟು ಮಂದಿ? ಎರಡು ವರ್ಷಗಳ ಹಿಂದೆ ನಾನೂ ನಂಬುತ್ತಿರಲಿಲ್ಲ. ನಮ್ಮ ತಾತನ ಎದೆಯ ಚಿತ್ರವನ್ನು ಕಣ್ಣಾರೆ ಕಂಡ ಮೇಲೆ ನಂಬಿದೆ.

ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವನು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದಕಾರಣ ಆಸ್ಪತ್ರೆಯ ಚೀಟಿಗಳನ್ನು ಓದಿ ಹೇಳುವ ಹೊಣೆ ನನ್ನ ಪಾಲಿಗೆ ಬಂದಿತು. ಅರ್ಥವಾಗದ ಮಾತುಗಳನ್ನು ವೈದ್ಯರಲ್ಲಿ ಕೇಳಿ, ಪುಸ್ತಕಗಳಲ್ಲಿ ಹುಡುಕಿ ತಿಳಿದುಕೊಂಡುದನ್ನು ಗೆಳೆಯರ ಮುಂದೆ ಇಡುತ್ತಿದ್ದೇನೆ. ಕೋಲಾರ ಚಿನ್ನದ ಗಣಿ, ಬಂಗಾರಪೇಟೆಗಳ ಮನೆಮಂದಿಗೆ ಇದು ಉಪಯೋಗಕ್ಕೆ ಬರಬಹುದೆಂಬ ಆಸೆಯೇ ಈ ಬರವಣಿಗೆಗೆ ಕಾರಣ.

ಬೂಷ್ಟು ಎಂಬ ಜೀವಿ

ಬೂಷ್ಟು, ಅಣಬೆ, ಹಿಟ್ಟನ್ನು ಹುದುಗಿಸುವ ಈಸ್ಟ್ ಇವೆಲ್ಲ ಶಿಲೀಂಧ್ರವೆಂಬ ಒಂದೇ ವರ್ಗಕ್ಕೆ ಸೇರಿದವು. ಇವು ಗಿಡಗಳಂತೆ ಬಿಸಿಲಿನಿಂದ ಆಹಾರ ತಯಾರಿಸಲಾರವು. ಸತ್ತ ಎಲೆ, ಕೊಳೆತ ಮರ, ಹುಲ್ಲು, ಗೊಬ್ಬರ ಇವುಗಳನ್ನು ಕರಗಿಸಿ ಉಣ್ಣುತ್ತವೆ. ಇವು ಇಲ್ಲದಿದ್ದರೆ ಕೊಳೆಯಬೇಕಾದುದು ಕೊಳೆಯದೆ ಭೂಮಿಯ ಮೇಲೆ ರಾಶಿ ಬೀಳುತ್ತಿತ್ತು. ಆದ್ದರಿಂದ ಶಿಲೀಂಧ್ರವನ್ನು ಶತ್ರುವೆಂದು ಕರೆಯುವುದು ಅನ್ಯಾಯ.

ಇವುಗಳ ಬೀಜವೆನ್ನಬಹುದಾದ ಬೀಜಕಣಗಳು ಗಾಳಿಯಲ್ಲಿ ತೇಲುತ್ತವೆ. ಇಟಲಿಯ ಪಾದ್ರಿಯೂ ಸಸ್ಯಶಾಸ್ತ್ರಜ್ಞನೂ ಆಗಿದ್ದ ಮಿಕೇಲಿ ಎಂಬುವನು 1729 ರಲ್ಲಿ ಒಂದು ಬೂಷ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಅದರ ತಲೆಯು ಇಗರ್ಜಿಯಲ್ಲಿ ತೀರ್ಥ ಚಿಮುಕಿಸುವ ಸಾಧನದಂತೆ ಕಂಡಿತು. ಆ ಸಾಧನದ ಹೆಸರನ್ನೇ ಬೂಷ್ಟಿಗೂ ಇಟ್ಟನು. ಅದೇ ಆಸ್ಪರ್ಜಿಲಸ್. ಅದರ ಜಾತಿಗಳಲ್ಲಿ ಮನುಷ್ಯನನ್ನು ಹೆಚ್ಚಾಗಿ ಕಾಡುವುದು ಆಸ್ಪರ್ಜಿಲಸ್ ಫ್ಯೂಮಿಗೇಟಸ್. ಅದರ ಬೀಜಕಣದ ಅಗಲ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು ಮಾತ್ರ. ಮೂಗಿನ ಕೂದಲು, ಗಂಟಲಿನ ಲೋಳೆ ಇವೆಲ್ಲವನ್ನೂ ದಾಟಿ ಶ್ವಾಸಕೋಶದ ಕಟ್ಟಕಡೆಯ ಗಾಳಿಚೀಲವನ್ನು ಮುಟ್ಟಲು ಅಷ್ಟು ಚಿಕ್ಕದಾಗಿದ್ದರೆ ಸಾಕು. ನಾವು ಪ್ರತಿಯೊಬ್ಬರೂ ದಿನವೂ ಇಂತಹ ನೂರಾರು ಕಣಗಳನ್ನು ಉಸಿರಿನೊಡನೆ ಒಳಗೆ ಸೇದುತ್ತಿದ್ದೇವೆ. ಈ ಸಾಲನ್ನು ಓದುವ ವಾಚಕರೂ ಸೇದಿರುತ್ತಾರೆ!

ಹಾಗಾದರೆ ನಮಗೇಕೆ ರೋಗ ಬರುವುದಿಲ್ಲ?

ಎರಡು ಕಾರಣಗಳಿವೆ. ಮೊದಲನೆಯದು ಮೈಬಿಸಿ. ಮನುಷ್ಯನ ದೇಹದ 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬಹುಪಾಲು ಶಿಲೀಂಧ್ರಗಳು ಬೆಳೆಯಲಾರವು. ಲಕ್ಷಕ್ಕೂ ಮೀರಿದ ಜಾತಿಗಳಲ್ಲಿ ಮನುಷ್ಯನಿಗೆ ರೋಗ ತರಬಲ್ಲವು ಕೆಲವು ನೂರು ಮಾತ್ರ. ಎರಡನೆಯದು ನಮ್ಮ ಕಾವಲು ಪಡೆ. ಗಾಳಿಚೀಲಗಳಲ್ಲಿ ಸದಾ ಗಸ್ತು ತಿರುಗುವ ಭಕ್ಷಕ ಕಣಗಳು ಬೀಜಕಣವನ್ನು ಮೊಳೆಯುವ ಮೊದಲೇ ನುಂಗಿಬಿಡುತ್ತವೆ. ತಪ್ಪಿಸಿಕೊಂಡು ಮೊಳೆತುದನ್ನು ರಕ್ತದ ಬಿಳಿಯ ಕಣಗಳು ಬಂದು ಕೊಲ್ಲುತ್ತವೆ.

ಈ ಪಡೆಯು ಸೋತಾಗ ಏನಾಗುವುದೆಂಬುದನ್ನು 2021 ರಲ್ಲಿ ನಮ್ಮ ನಾಡು ಕಂಡಿತು. ಕೋವಿಡ್‌ನ ಎರಡನೆಯ ಅಲೆಯ ಹಿಂದೆಯೇ ಬಂದ 'ಕಪ್ಪು ಶಿಲೀಂಧ್ರ'ವು ಬಹುಮಟ್ಟಿಗೆ ಹಿಡಿದುದು ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರನ್ನು ಮತ್ತು ಸ್ಟಿರಾಯ್ಡ್ ಔಷಧಗಳನ್ನು ಪಡೆದವರನ್ನು. ಅಂದಿನಿಂದ 'ಬೂಷ್ಟಿನ ರೋಗವೆಂದರೆ ಶಕ್ತಿಗುಂದಿದವರಿಗೆ ಬರುವ ರೋಗ' ಎಂಬ ಭಾವನೆ ಜನರಲ್ಲಿ ಬೇರೂರಿದೆ. ಇದು ಬಹುಪಾಲು ನಿಜ. ಆದರೆ ಪೂರ್ಣ ನಿಜವಲ್ಲ. ರೋಗನಿರೋಧಕ ಶಕ್ತಿ ಸರಿಯಾಗಿರುವವರಿಗೂ ಅಪರೂಪವಾಗಿ ಶ್ವಾಸಕೋಶದಲ್ಲಿ ಬೂಷ್ಟು ಹಿಡಿಯುವುದುಂಟು. ನಾನು ತಿಳಿದುಕೊಂಡ ಮಟ್ಟಿಗೆ ಇದಕ್ಕೆ ಮೂರು ದಾರಿಗಳಿವೆ.

ಮೊದಲನೆಯ ದಾರಿ, ಒಮ್ಮೆಗೇ ವಿಪರೀತ ಪ್ರಮಾಣದಲ್ಲಿ ಬೀಜಕಣಗಳನ್ನು ಸೇದುವುದು. 2008 ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯ ಪತ್ರಿಕೆಯಲ್ಲಿ ಇಂಗ್ಲೆಂಡಿನ 47 ವರ್ಷದ ಒಬ್ಬ ಬೆಸುಗೆ ಕೆಲಸಗಾರನ ಸಂಗತಿ ಪ್ರಕಟವಾಯಿತು. ತೋಟದ ಕೆಲಸಕ್ಕೆಂದು ಕೊಳೆತ ಎಲೆಗೊಬ್ಬರದ ಚೀಲಗಳನ್ನು ಬಿಚ್ಚಿದಾಗ ಧೂಳು ಮೋಡದಂತೆ ಎದ್ದು ಆತನನ್ನು ಮುಸುಕಿತು. ದಿನ ಕಳೆಯುವುದರೊಳಗೆ ಉಸಿರಾಟದ ತೊಂದರೆ ಆರಂಭವಾಯಿತು. ಆಸ್ಪರ್ಜಿಲಸ್ ಎಂಬುದು ತಿಳಿಯುವಷ್ಟರಲ್ಲಿ ಕಾಲ ಮಿಂಚಿತ್ತು, ಆತ ಉಳಿಯಲಿಲ್ಲ. ಹುದುಗುವ ಗೊಬ್ಬರ ಒಳಗೊಳಗೇ ಬಿಸಿಯಾಗುತ್ತದೆಂಬುದು ರೈತರ ಮಕ್ಕಳಿಗೆ ಗೊತ್ತು. ಆ ಬಿಸಿಯಲ್ಲೇ ಸುಖವಾಗಿ ಬೆಳೆಯುವ ಬೂಷ್ಟಿಗೆ ನಮ್ಮ ಮೈಬಿಸಿ ಒಂದು ಲೆಕ್ಕವೇ ಅಲ್ಲ.

ಎರಡನೆಯ ದಾರಿ, ಆರೋಗ್ಯವಂತರನ್ನೂ ಹಿಡಿಯಬಲ್ಲ ಕೆಲವು ವಿಶೇಷ ಶಿಲೀಂಧ್ರಗಳು. ಬಾವಲಿಯ ಹಿಕ್ಕೆ ಬಿದ್ದ ಗವಿಗಳಲ್ಲಿಯೂ ಹಕ್ಕಿಗಳ ಹಿಕ್ಕೆ ಬೆರೆತ ಮಣ್ಣಿನಲ್ಲಿಯೂ ಬೆಳೆಯುವ ಹಿಸ್ಟೊಪ್ಲಾಸ್ಮ ಇಂತಹುದೊಂದು. ಕ್ರಿಪ್ಟೊಕಾಕಸ್ ಗ್ಯಾಟಿ ಇನ್ನೊಂದು. ಇದು ಶ್ವಾಸಕೋಶದಿಂದ ಮಿದುಳಿನ ಪೊರೆಗೂ ಏರಬಲ್ಲುದು. ಆಸ್ಟ್ರೇಲಿಯದ ವಿಜ್ಞಾನಿಗಳು 1990 ರಲ್ಲಿ ಇದರ ನೆಲೆಯನ್ನು ನೀಲಗಿರಿ ಮರದಲ್ಲಿ ಕಂಡುಹಿಡಿದರು. ನಮ್ಮ ದೇಶದ ನೀಲಗಿರಿ ಮರಗಳಲ್ಲಿಯೂ ಅನಂತರ ಇದು ದೊರೆತಿದೆ. ಬಿಸಿ ನಾಡುಗಳ ರೋಗವೆಂದುಕೊಂಡಿದ್ದ ಇದು 1999 ರಿಂದ ಕೆನಡಾ ದೇಶದ ತಂಪಾದ ವ್ಯಾಂಕೂವರ್ ದ್ವೀಪದಲ್ಲಿ ಆರೋಗ್ಯವಂತರನ್ನೂ ಹಿಡಿದು ವೈದ್ಯರನ್ನು ಬೆರಗುಗೊಳಿಸಿತು. ಕೋಲಾರ ಸೀಮೆಯಲ್ಲಿ ನೀಲಗಿರಿ ತೋಪುಗಳಿಗೆ ಕೊರತೆಯಿಲ್ಲ. ಹಾಗೆಂದು ತೋಪಿನ ಬಳಿ ಸುಳಿದವರಿಗೆಲ್ಲ ರೋಗ ಬರುವುದೆಂದು ಯಾರೂ ಹೆದರಬೇಕಾಗಿಲ್ಲ. ಇದು ಬಹು ಅಪರೂಪ.

ಮೂರನೆಯ ದಾರಿಯೇ ನಮ್ಮ ಊರಿಗೆ ಸಂಬಂಧಪಟ್ಟುದು. ಮನೆಯ ಕಾವಲುಗಾರ ಗಟ್ಟಿಮುಟ್ಟಾಗಿಯೇ ಇದ್ದಾನೆ. ಆದರೆ ಹಿತ್ತಲಲ್ಲಿ ಆತ ಕಾಲಿಡಲಾಗದ ಒಂದು ಪಾಳುಕೋಣೆ ಇದೆ. ಕಳ್ಳ ಅಲ್ಲಿ ಸೇರಿಕೊಳ್ಳುತ್ತಾನೆ. ಶ್ವಾಸಕೋಶದಲ್ಲಿ ಆ ಪಾಳುಕೋಣೆಯನ್ನು ಕಟ್ಟಿ ಹೋಗುವುದು ಹೆಚ್ಚಾಗಿ ಕ್ಷಯರೋಗ.

ಗಣಿಯೂರಿನ ಎದೆಗೂಡು

ಕ್ಷಯದ ಕ್ರಿಮಿಯು ಶ್ವಾಸಕೋಶವನ್ನು ತಿಂದು ಕೆಲವೊಮ್ಮೆ ಪೊಳ್ಳು ಮಾಡುತ್ತದೆ. ಔಷಧದಿಂದ ಕ್ರಿಮಿ ಸತ್ತು ರೋಗ ವಾಸಿಯಾದರೂ ಪೊಳ್ಳು ಹಾಗೆಯೇ ಉಳಿಯಬಹುದು. ಅದರ ಗೋಡೆ ಗಾಯದ ಕಲೆಯಂತೆ ಗಡುಸು. ರಕ್ತದ ಓಡಾಟ ಸರಿಯಾಗಿರದ ಕಾರಣ ಬಿಳಿಯ ಕಣಗಳಿಗೆ ಅಲ್ಲಿ ದಾರಿಯಿಲ್ಲ. ಗಾಳಿಯೊಡನೆ ಬಂದ ಬೀಜಕಣ ಅಲ್ಲಿ ಮೊಳೆತು, ಎಳೆಎಳೆಯಾಗಿ ಹೆಣೆದುಕೊಂಡು, ಲೋಳೆಯನ್ನೂ ಸತ್ತ ಕಣಗಳನ್ನೂ ಸೇರಿಸಿಕೊಂಡು ಉಂಡೆಯಾಗುತ್ತದೆ. ಇದನ್ನು ವೈದ್ಯರು ಆಸ್ಪರ್ಜಿಲೋಮ ಎನ್ನುತ್ತಾರೆ. 1960 ರ ದಶಕದಲ್ಲಿ ಬ್ರಿಟನ್ನಿನ ವೈದ್ಯರು ಕ್ಷಯ ವಾಸಿಯಾಗಿಯೂ ಎದೆಯಲ್ಲಿ ಪೊಳ್ಳು ಉಳಿದಿದ್ದ 544 ಮಂದಿಯನ್ನು ಪರೀಕ್ಷಿಸಿದರು. ನೂರಕ್ಕೆ 25 ಮಂದಿಯ ರಕ್ತದಲ್ಲಿ ಈ ಬೂಷ್ಟಿನ ವಿರುದ್ಧ ಹುಟ್ಟಿದ ಪ್ರತಿಕಾಯಗಳಿದ್ದವು. ನೂರಕ್ಕೆ 11 ಮಂದಿಯ ಕ್ಷ-ಕಿರಣ ಚಿತ್ರದಲ್ಲಿ ಉಂಡೆಯೇ ಕಂಡಿತು. ಎಲ್ಲರಿಗೂ ಅಪರೂಪವಾದ ರೋಗ ಇಂತಹವರಿಗೆ ಅಷ್ಟು ಅಪರೂಪವಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಈಗ ನಮ್ಮ ಊರನ್ನು ನೋಡೋಣ. 1880 ರಲ್ಲಿ ಜಾನ್ ಟೇಲರ್ ಕಂಪೆನಿಯವರು ಇಲ್ಲಿ ಕೆಲಸಕ್ಕಿಳಿದಂದಿನಿಂದ 2001 ರ ಫೆಬ್ರವರಿ ಕೊನೆಯಲ್ಲಿ ಗಣಿ ಮುಚ್ಚುವವರೆಗೆ, ನಾಲ್ಕೈದು ತಲೆಮಾರಿನ ಜನ ಭೂಮಿಯ ಒಳಗೆ ಕಲ್ಲು ಕೊರೆದರು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಚಿನ್ನವಿದ್ದುದು ಬೆಣಚುಕಲ್ಲಿನ ಪದರಗಳಲ್ಲಿ. ಬೆಣಚು ಒಡೆದಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶಕ್ಕಿಳಿದರೆ ಹಿಂದಿರುಗುವುದಿಲ್ಲ. ಅದನ್ನು ನುಂಗಿದ ಭಕ್ಷಕ ಕಣಗಳೇ ಸಾಯುತ್ತವೆ. ಆ ಜಾಗ ಗಂಟುಗಂಟಾಗಿ ಗಡುಸಾಗುತ್ತದೆ. ಇದೇ ಸಿಲಿಕೋಸಿಸ್. ಭಾರತದಲ್ಲಿ ಈ ರೋಗದ ಮೊದಲ ವರದಿ ಬಂದುದೇ 1934 ರಲ್ಲಿ, ನಮ್ಮ ಕೋಲಾರದ ಗಣಿಗಳಿಂದ. 1940 ರಿಂದ 1946 ರವರೆಗೆ ಇಲ್ಲಿ ಪರೀಕ್ಷೆಗೊಳಪಟ್ಟ 7,653 ಕಾರ್ಮಿಕರಲ್ಲಿ ನೂರಕ್ಕೆ 40 ಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇತ್ತು. ಇತಿಹಾಸದ ವಿದ್ಯಾರ್ಥಿಯಾದ ನಾನು ಗಣಿಯ ಬಗೆಗೆ ಓದುವಾಗ ಎಷ್ಟು ಟನ್ನು ಚಿನ್ನ ತೆಗೆದರೆಂಬ ಲೆಕ್ಕವನ್ನು ಹಲವು ಕಡೆ ಕಂಡಿದ್ದೆ. ಈ ಲೆಕ್ಕವನ್ನು ಕಂಡುದು ತಾತನಿಗೆ ಕಾಯಿಲೆ ಬಂದ ಮೇಲೆ.

ಸಿಲಿಕಾ ಧೂಳು ತುಂಬಿದ ಎದೆಗೆ ಕ್ಷಯ ಸುಲಭವಾಗಿ ಹಿಡಿಯುತ್ತದೆ. ಕ್ಷಯ ಪೊಳ್ಳನ್ನು ಬಿಟ್ಟುಹೋಗುತ್ತದೆ. ಪೊಳ್ಳಿನಲ್ಲಿ ಬೂಷ್ಟು ಮನೆಮಾಡುತ್ತದೆ. ಧೂಳು, ಕ್ರಿಮಿ, ಬೂಷ್ಟು ಈ ಮೂರೂ ಒಂದರ ಬೆನ್ನಿಗೊಂದು ಬರುವ ಅತಿಥಿಗಳು. ನಡುವೆ ಇಪ್ಪತ್ತು ಮೂವತ್ತು ವರ್ಷಗಳು ಕಳೆದರೂ ಕಳೆಯಬಹುದು. ಗಣಿ ಮುಚ್ಚಿದೆ, ಆದರೆ ಗಣಿಗಿಳಿದ ಎದೆಗಳು ಇನ್ನೂ ನಮ್ಮ ಮನೆಗಳಲ್ಲಿ ಉಸಿರಾಡುತ್ತಿವೆ.

ನಮ್ಮ ತಾತನ ಸಂಗತಿ

ನಮ್ಮ ತಾತ ಬಂಗಾರಪೇಟೆಯ ಪಕ್ಕದ ಹಳ್ಳಿಯಿಂದ ಬಂದು ಗಣಿಗೆ ಸೇರಿದವರು. ಮುಚ್ಚುವ ದಿನದವರೆಗೂ ಭೂಮಿಯೊಳಗೆ ದುಡಿದವರು. ಅವರಿಗೆ ಎರಡು ಬಾರಿ ಕ್ಷಯ ಬಂದು ವಾಸಿಯಾಗಿತ್ತು. ಎರಡು ವರ್ಷಗಳ ಹಿಂದೆ ಮತ್ತೆ ಕೆಮ್ಮು ಹಿಡಿಯಿತು, ಮೈ ಇಳಿಯಿತು, ಒಂದು ಬೆಳಗ್ಗೆ ಕಫದಲ್ಲಿ ರಕ್ತ ಕಂಡಿತು. ಅಜ್ಜಿ ಯಾರಿಗೂ ಹೇಳದೆ ಆ ಟವಲನ್ನು ತೊಳೆದುಹಾಕಿದ್ದರು.

ಆಸ್ಪತ್ರೆಯೊಂದರಲ್ಲಿ ಕಫ ಪರೀಕ್ಷೆಯಾಯಿತು. ಕ್ಷಯದ ಕ್ರಿಮಿ ಸಿಗಲಿಲ್ಲ. ಆದರೂ "ಹಳೆಯ ಕ್ಷಯವೇ ತಿರುಗಿರಬೇಕು" ಎಂದು ಮೂರನೆಯ ಬಾರಿ ಅದೇ ಮಾತ್ರೆಗಳನ್ನು ಕೊಟ್ಟರು. ಅವರನ್ನು ದೂರಲು ನಾನು ಇದನ್ನು ಬರೆಯುತ್ತಿಲ್ಲ. ಗಣಿಯ ಮುದುಕ, ಹಳೆಯ ಕ್ಷಯ, ಕಫದಲ್ಲಿ ರಕ್ತ ಎಂದ ಮೇಲೆ ಯಾರಿಗಾದರೂ ಮೊದಲು ತೋಚುವುದು ಅದೇ. ನಾವೂ ಹಾಗೆಯೇ ತಿಳಿದೆವು. ಐದು ತಿಂಗಳು ಮಾತ್ರೆ ನುಂಗಿದರೂ ತಾತ ಚೇತರಿಸಿಕೊಳ್ಳಲಿಲ್ಲ. ಮನೆಯಲ್ಲಿ ಅವರ ತಟ್ಟೆ ಲೋಟ ಬೇರೆಯಾದುವು. ಮಗುವನ್ನು ಎತ್ತಿಕೊಳ್ಳಲು ಬಿಡಲಿಲ್ಲ. ಈಗ ನೆನೆದರೆ ನನಗೆ ಅದೇ ಹೆಚ್ಚು ನೋವು ಕೊಡುತ್ತದೆ. ಏಕೆಂದರೆ ಆಸ್ಪರ್ಜಿಲಸ್ ಮನುಷ್ಯನಿಂದ ಮನುಷ್ಯನಿಗೆ ಅಂಟುವ ರೋಗವೇ ಅಲ್ಲ.

ಕೊನೆಗೆ ನಮ್ಮ ಅಪ್ಪ ಕೆಲಸಕ್ಕೆ ಹೋಗುವ ಬೆಳಗಿನ ರೈಲಿನಲ್ಲಿಯೇ ತಾತನನ್ನು ಬೆಂಗಳೂರಿಗೆ ಕರೆದೊಯ್ದೆವು. ಅಲ್ಲಿಯ ವೈದ್ಯರು ಮೊದಲು ಕೇಳಿದ ಪ್ರಶ್ನೆ, "ಯಜಮಾನ್ರೇ, ಗಣಿಯಲ್ಲಿ ಎಷ್ಟು ವರ್ಷ ಇದ್ರಿ?" ಎಂಬುದು. ಹಳೆಯ ಚಿತ್ರಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದರು. ಆಮೇಲೆ ಸಿ.ಟಿ. ಯಂತ್ರದಲ್ಲಿ ಅಂಗಾತ ಮಲಗಿಸಿ ಒಂದು ಚಿತ್ರ, ಬೋರಲು ಮಲಗಿಸಿ ಇನ್ನೊಂದು ಚಿತ್ರ ತೆಗೆಸಿದರು. ಬಲ ಎದೆಯ ಮೇಲುಭಾಗದಲ್ಲಿ ಒಂದು ಪೊಳ್ಳು. ಅದರೊಳಗೆ ನಿಂಬೆಕಾಯಿಗಿಂತ ಸ್ವಲ್ಪ ಚಿಕ್ಕದಾದ ಉಂಡೆ. ಉಂಡೆಯ ಮೇಲೆ ಬಿದಿಗೆಯ ಚಂದ್ರನಂತೆ ಗಾಳಿಯ ಗೆರೆ. ತಾತ ಮಗ್ಗುಲು ಬದಲಿಸಿದಾಗ ಉಂಡೆಯೂ ಜಾಗ ಬದಲಿಸಿತ್ತು. "ಗಿಲಕಿಯ ಒಳಗಿನ ಕಾಳಿನ ಹಾಗೆ" ಎಂದರು ವೈದ್ಯರು. ರಕ್ತದಲ್ಲಿ ಆಸ್ಪರ್ಜಿಲಸ್ ವಿರುದ್ಧದ ಪ್ರತಿಕಾಯ ಪರೀಕ್ಷೆಯೂ ಅದನ್ನೇ ಹೇಳಿತು. ಸಕ್ಕರೆ ಕಾಯಿಲೆಯಿಲ್ಲ, ಬೇರೆ ಯಾವ ದೌರ್ಬಲ್ಯವೂ ಇಲ್ಲ. ಕಾವಲುಗಾರ ಗಟ್ಟಿಯಾಗಿಯೇ ಇದ್ದ, ಪಾಳುಕೋಣೆಯೊಂದೇ ಕಾರಣ.

ಕ್ಷಯದ ವೇಷ

'ಬೆಳ್ಳಗಿರುವುದೆಲ್ಲ ಹಾಲಲ್ಲ' ಎಂಬ ಗಾದೆ ಈ ರೋಗಕ್ಕೆ ಚೆನ್ನಾಗಿ ಒಪ್ಪುತ್ತದೆ. ದೀರ್ಘ ಕೆಮ್ಮು, ತೂಕ ಇಳಿಯುವುದು, ಆಯಾಸ, ಕಫದಲ್ಲಿ ರಕ್ತ ಇವೆಲ್ಲ ಕ್ಷಯಕ್ಕೂ ಉಂಟು, ಬೂಷ್ಟಿಗೂ ಉಂಟು. ಈ ಭ್ರಮೆ ಇಂದಿನದಲ್ಲ. 1905 ರಲ್ಲಿ ಪನಾಮಾ ಕಾಲುವೆಯ ಕೆಲಸ ನಡೆಯುತ್ತಿದ್ದಾಗ ಡಾರ್ಲಿಂಗ್ ಎಂಬ ವೈದ್ಯನು ಸತ್ತ ಕಾರ್ಮಿಕನೊಬ್ಬನ ದೇಹವನ್ನು ಪರೀಕ್ಷಿಸಿದನು. ಶ್ವಾಸಕೋಶ ನೋಡಿದರೆ ಕ್ಷಯದಂತೆಯೇ ಇತ್ತು. ಸೂಕ್ಷ್ಮದರ್ಶಕದಲ್ಲಿ ಕ್ಷಯದ ಕ್ರಿಮಿ ಇರಲಿಲ್ಲ. ಬೇರೇನೋ ಒಂದು ಜೀವಿಯಿತ್ತು. ಅದನ್ನು ಆತ ಪ್ರಾಣಿವರ್ಗದ ಸೂಕ್ಷ್ಮಜೀವಿಯೆಂದು ಭಾವಿಸಿದನು. ಅದು ಶಿಲೀಂಧ್ರವಿರಬೇಕೆಂಬ ಮಾತನ್ನು ರೋಶ ಲಿಮ ಎಂಬ ಬ್ರೆಜಿಲ್ ದೇಶದ ವಿಜ್ಞಾನಿ ಕೆಲವು ವರ್ಷಗಳ ಅನಂತರ ಮುಂದಿಟ್ಟನು. ಮೇಲೆ ಹೇಳಿದ ಹಿಸ್ಟೊಪ್ಲಾಸ್ಮವೇ ಅದು. ಡಾರ್ಲಿಂಗನಿಗೆ ಹೆಸರು ತಪ್ಪಿರಬಹುದು. ಆದರೆ 'ಕ್ಷಯದಂತಿದೆ, ಕ್ರಿಮಿ ಏಕಿಲ್ಲ?' ಎಂಬ ಪ್ರಶ್ನೆಯನ್ನು ಆತ ಕೈಬಿಡಲಿಲ್ಲ. ಈ ಲೇಖನದ ತಿರುಳೂ ಆ ಪ್ರಶ್ನೆಯೇ.

ತಪ್ಪಾಗಿ ಕ್ಷಯದ ಮಾತ್ರೆ ನುಂಗಿದರೆ ಕಾಲ ಕಳೆದುಹೋಗುವುದೊಂದೇ ನಷ್ಟವಲ್ಲ. ಕ್ಷಯದ ಮುಖ್ಯ ಔಷಧವಾದ ರಿಫಾಂಪಿಸಿನ್, ಬೂಷ್ಟಿಗೆ ಕೊಡುವ ಇಟ್ರಕೊನಜೋಲ್, ವೊರಿಕೊನಜೋಲ್ ಔಷಧಗಳನ್ನು ಯಕೃತ್ತಿನಲ್ಲಿ ಬೇಗ ಬೇಗ ಕರಗಿಸಿಬಿಡುತ್ತದೆ. ಎರಡನ್ನೂ ಒಟ್ಟಿಗೆ ಕೊಟ್ಟರೆ ಬೂಷ್ಟಿನ ಔಷಧ ನಿಷ್ಫಲವಾಗುತ್ತದೆ. ಆದ್ದರಿಂದ 'ಯಾವುದಕ್ಕೂ ಇರಲಿ' ಎಂದು ಎರಡನ್ನೂ ಬೆರೆಸುವುದು ಪರಿಹಾರವಲ್ಲ. ಯಾವ ರೋಗವೆಂದು ಮೊದಲು ನಿಷ್ಕರ್ಷೆಯಾಗಬೇಕು.

ಇದಕ್ಕೆ ಎದುರಾದ ಅಪಾಯವನ್ನೂ ಹೇಳಿಬಿಡಬೇಕು. ಬೂಷ್ಟಿನ ಹೆಸರು ಕೇಳಿ ಯಾರೂ ಕ್ಷಯದ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಕೂಡದು. ನಮ್ಮಲ್ಲಿ ಇಂದಿಗೂ ಕ್ಷಯವೇ ಹೆಚ್ಚು, ಬೂಷ್ಟು ಕಡಮೆ. ಕೆಲವರಲ್ಲಿ ಎರಡೂ ಇರಬಹುದು. ನಿರ್ಣಯ ವೈದ್ಯರದು, ಪ್ರಶ್ನೆ ಮಾತ್ರ ನಮ್ಮದು.

ಚಿಕಿತ್ಸೆ

ಶಿಲೀಂಧ್ರಕ್ಕೆ ಔಷಧ ಹುಡುಕುವುದು ಕಷ್ಟದ ಕೆಲಸ. ಅದರ ಜೀವಕಣದ ರಚನೆ ನಮ್ಮ ಜೀವಕಣಕ್ಕೆ ಹತ್ತಿರವಾದುದರಿಂದ ಅದನ್ನು ಕೊಲ್ಲುವ ವಿಷ ನಮಗೂ ತಾಗುತ್ತದೆ. 1950 ರಲ್ಲಿ ಅಮೆರಿಕದ ಎಲಿಜಬೆತ್ ಹೇಜನ್, ರೇಚಲ್ ಬ್ರೌನ್ ಎಂಬ ಇಬ್ಬರು ಮಹಿಳೆಯರು ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ನಿಸ್ಟಾಟಿನ್ ಎಂಬ ಔಷಧವನ್ನು ಪ್ರಕಟಿಸಿದರು. ಆ ದಶಕದಲ್ಲಿಯೇ ವೆನೆಜುವೆಲಾದ ಮಣ್ಣಿನಿಂದ ಆಂಫೊಟೆರಿಸಿನ್ ದೊರೆಯಿತು. ಇಟ್ರಕೊನಜೋಲ್ ಮುಂತಾದ ಮಾತ್ರೆಗಳು ಬಂದುದು ಅನಂತರ. ವಿಶ್ವ ಆರೋಗ್ಯ ಸಂಸ್ಥೆಯು ಅಪಾಯಕಾರಿ ಶಿಲೀಂಧ್ರಗಳ ಮೊದಲ ಪಟ್ಟಿಯನ್ನು ಹೊರಡಿಸಿದುದು 2022 ರಲ್ಲಿ. ಅದರಲ್ಲಿರುವ 19 ರಲ್ಲಿ ಅತಿ ಮುಖ್ಯವೆಂದು ಗುರುತಿಸಿದ ನಾಲ್ಕರಲ್ಲಿ ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಒಂದು.

ಎದೆಯಲ್ಲಿ ಒಂದೇ ಉಂಡೆಯಿದ್ದು ಉಳಿದ ಶ್ವಾಸಕೋಶ ಗಟ್ಟಿಯಾಗಿದ್ದರೆ ಶಸ್ತ್ರಚಿಕಿತ್ಸೆಯಿಂದ ಅದನ್ನು ತೆಗೆಯಬಹುದು. ಗಣಿಯ ಧೂಳಿನಿಂದ ಗಡುಸಾದ ತಾತನ ಶ್ವಾಸಕೋಶ ಅದನ್ನು ತಾಳಲಾರದು. ಅವರಿಗೆ ಮಾತ್ರೆಯೇ ಗತಿ, ಅದೂ ತಿಂಗಳುಗಟ್ಟಲೆ. ರಕ್ತ ಹೆಚ್ಚಾಗಿ ಬಂದರೆ ರಕ್ತನಾಳದೊಳಗೆ ಸಣ್ಣ ನಳಿಕೆ ತೂರಿಸಿ ಸೋರುವ ನಾಳವನ್ನು ಮುಚ್ಚುವ ವಿಧಾನವೂ ಇದೆ. ಕ್ಷಯದ ಔಷಧ ಸರ್ಕಾರದಿಂದ ಉಚಿತವಾಗಿ ಸಿಗುತ್ತಿತ್ತು. ಬೂಷ್ಟಿನ ಔಷಧವನ್ನು ನಾವು ಅಂಗಡಿಯಲ್ಲಿ ಕೊಂಡೆವು. ಅದಕ್ಕಾಗಿ ಅಪ್ಪ ಎಷ್ಟು ದಿನ ಹೆಚ್ಚಿನ ಪಾಳಿ ಮಾಡಿದರೆಂಬುದನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನು ಲೆಕ್ಕವಿಟ್ಟಿದ್ದೇನೆ. ಉಂಡೆ ಇನ್ನೂ ಎದೆಯಲ್ಲಿಯೇ ಇದೆ. ಆದರೆ ರಕ್ತ ನಿಂತಿದೆ, ತಾತ ನಾಲ್ಕು ಕಿಲೋ ತೂಕ ಏರಿದ್ದಾರೆ, ಮಗುವನ್ನು ಎತ್ತಿಕೊಂಡು ಬೀದಿಯ ಕೊನೆಯವರೆಗೆ ಹೋಗಿಬರುತ್ತಾರೆ.

ನಾವು ಮಾಡಬಹುದಾದುದು

ನಮ್ಮ ಕಾಲೇಜಿನಲ್ಲಿ ಗಣಿ ಕಾರ್ಮಿಕರ ಮೊಮ್ಮಕ್ಕಳು, ರೈತರ ಮಕ್ಕಳು ಬಹಳ ಮಂದಿ ಇದ್ದೇವೆ. ಮನೆಯಲ್ಲಿ ಓದು ಬಲ್ಲವರು ನಾವೇ. ಆದ್ದರಿಂದ ಕೆಲವು ಸಣ್ಣ ಕೆಲಸಗಳನ್ನು ಮಾಡಬಹುದು.

ಹಿರಿಯರ ಹಳೆಯ ಎದೆಚಿತ್ರಗಳನ್ನು, ಔಷಧದ ಚೀಟಿಗಳನ್ನು ಎಸೆಯದೆ ಒಂದು ಚೀಲದಲ್ಲಿ ಕಟ್ಟಿಡೋಣ. ಹಳೆಯ ಚಿತ್ರದೊಡನೆ ಹೋಲಿಸಿದಾಗಲೇ ಪೊಳ್ಳಿನಲ್ಲಿ ಹೊಸದಾಗಿ ಏನು ಸೇರಿದೆಯೆಂದು ತಿಳಿಯುವುದು. ವೈದ್ಯರಲ್ಲಿಗೆ ಹೋದಾಗ ಗಣಿಯಲ್ಲಿ ಎಷ್ಟು ವರ್ಷ ದುಡಿದರು, ಕ್ಷಯ ಯಾವಾಗ ಬಂದಿತ್ತು ಎಂಬುದನ್ನು ಅವರು ಕೇಳದಿದ್ದರೂ ನಾವೇ ಹೇಳೋಣ. ಕಫದಲ್ಲಿ ಕ್ಷಯದ ಕ್ರಿಮಿ ಕಾಣದೆ, ಮಾತ್ರೆಯಿಂದಲೂ ಗುಣ ಕಾಣದೆ ಇದ್ದರೆ, "ಸ್ವಾಮಿ, ಇದು ಬೂಷ್ಟಿನ ಕಾಯಿಲೆ ಇರಬಹುದೆ? ಅದರ ಪರೀಕ್ಷೆ ಮಾಡಿಸಬಹುದೆ?" ಎಂದು ವಿನಯದಿಂದ ಕೇಳೋಣ. ಕಫದಲ್ಲಿ ರಕ್ತ ಕಂಡರೆ ಅದನ್ನು ಮುಚ್ಚಿಡದೆ ಅಂದೇ ವೈದ್ಯರಿಗೆ ತಿಳಿಸೋಣ.

ಹೊಲಮನೆಯ ಕೆಲಸದಲ್ಲಿ ಮುಗ್ಗಿದ ಹುಲ್ಲು, ಒಣಗಿದ ತಿಪ್ಪೆ, ಹಳೆಯ ಗೊಬ್ಬರದ ಚೀಲ ಇವುಗಳನ್ನು ಕೆದಕುವ ಮೊದಲು ನೀರು ಚಿಮುಕಿಸಿ ಧೂಳಡಗಿಸೋಣ. ಗಾಳಿಗೆ ಬೆನ್ನು ಮಾಡಿ ನಿಲ್ಲೋಣ. ಬೀಜಕಣ ಬಹು ಸೂಕ್ಷ್ಮವಾದುದರಿಂದ ಮುಖಕ್ಕೆ ಸುತ್ತಿದ ಟವಲು ಅದನ್ನು ಪೂರ್ತಿ ತಡೆಯಲಾರದು. ಧೂಳಿನ ಕೆಲಸಕ್ಕೆಂದೇ ಮಾಡಿದ ಮುಖಗವಸು ಮೇಲು. ಹಳೆಯ ಎದೆರೋಗವಿರುವ ಹಿರಿಯರನ್ನು ಈ ಕೆಲಸಗಳಿಂದ ದೂರವಿಡುವುದೇ ಒಳ್ಳೆಯದು.

ನಮ್ಮ ಊರಿನ ಹಿರಿಯರು ಕೆಮ್ಮಿದರೆ 'ಗಣಿಯವರಲ್ಲವೇ, ಕೆಮ್ಮುತ್ತಾರೆ' ಎಂದು ಸುಮ್ಮನಾಗುವ ಅಭ್ಯಾಸ ನಮಗಿದೆ. ನಾನೂ ಹಾಗೆ ಸುಮ್ಮನಿದ್ದವನೇ. ಕೆಮ್ಮಿಗೂ ಒಂದು ಕಾರಣವಿರುತ್ತದೆ. ಆ ಕಾರಣಕ್ಕೆ ಒಂದು ಹೆಸರಿರುತ್ತದೆ. ಹೆಸರು ತಿಳಿದರೆ ಎಷ್ಟೋ ವೇಳೆ ಔಷಧವೂ ಇರುತ್ತದೆ. ಇಷ್ಟನ್ನು ಕಲಿಯಲು ನಮ್ಮ ಮನೆಗೆ ಐದು ತಿಂಗಳು ಹಿಡಿಯಿತು. ಈ ಪತ್ರಿಕೆಯನ್ನು ಓದಿದ ಒಬ್ಬ ಗೆಳೆಯನ ಮನೆಯಲ್ಲಾದರೂ ಅದು ಐದು ದಿನಗಳಿಗಿಳಿದರೆ ನನ್ನ ಶ್ರಮ ಸಾರ್ಥಕ. ತಪ್ಪುಗಳಿದ್ದರೆ ಗುರುಗಳು ತಿದ್ದಬೇಕೆಂದು ಬೇಡುತ್ತೇನೆ.